ಅಳತೆಯ ಮಾತು: ಬದಿ ಎರಡು ಪಟ್ಟಾದರೆ ಜಾಗ ಎಷ್ಟು ಪಟ್ಟು?

ಮನೆ, ನಕ್ಷೆ, ಸ್ಕೇಲು, ಅಳತೆ ಯಾವುದರ ಬಗ್ಗೆ ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳನ್ನು ಓದುತ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ತಲೆ ಹಾಕುತ್ತದೆ. ಪರೇಲ್‌ನ ಹಾಲ್ ಇರಲಿ, ವಾಶಿಯ ದೋಸೆ ಇರಲಿ, ಉದ್ದ ಬೆಳೆದ ಲೆಕ್ಕದಲ್ಲೇ ಜಾಗವೂ ಬೆಳೆಯುತ್ತದೆ ಎಂದು ಎಲ್ಲರೂ ಹಿಡಿದುಕೊಂಡಿದ್ದಾರೆ. ಹಾಗಾಗಿ ಈ ಸಲ ಅಂಥ ಪ್ರಶ್ನೆಗಳನ್ನೇ ಒಟ್ಟು ಹಾಕಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಗಣಿತದ ಮೇಷ್ಟ್ರಲ್ಲ. ಮುಂಬೈಯ ಫೋರ್ಟ್‌ನ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಬೋರ್ಡಿನ ಮುಂದೆ ನಿಂತು ನಕ್ಷೆ ಎಳೆದು ರಿಟೈರ್ ಆದವನು. ನನ್ನದು ಪೆನ್ಸಿಲ್ ಹಿಡಿದು ಮಾಡುವ ಲೆಕ್ಕ.

ಪ್ರಶ್ನೆ: ಪರೇಲ್‌ನಲ್ಲಿ ನಮ್ಮದು ಹಳೇ ಬಿಲ್ಡಿಂಗ್. ಈಗ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಈಗಿರುವುದಕ್ಕಿಂತ 35 ಪರ್ಸೆಂಟ್ ಜಾಸ್ತಿ ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸುವ ನೆಲದ ಜಾಗ) ಕೊಡುತ್ತೇವೆ ಎಂದು ಬಿಲ್ಡರ್ ಹೇಳಿದ್ದಾರೆ. ನಮ್ಮ ಹಾಲ್ 10 ಅಡಿ × 12 ಅಡಿ. 35 ಪರ್ಸೆಂಟ್ ಅಂದರೆ ಹದಿಮೂರೂವರೆ × ಹದಿನಾರು ಆಗಬೇಕಲ್ಲ? ಹೊಸ ಪ್ಲಾನಿನಲ್ಲಿ 11 ಅಡಿ 7 ಇಂಚು × 13 ಅಡಿ 11 ಇಂಚು ಎಂದಿದೆ. ಸೊಸೈಟಿ ಮೀಟಿಂಗಿನಲ್ಲಿ ಗಲಾಟೆಯೇ ಆಯಿತು. ಇದು ಮೋಸ ಅಲ್ವಾ?
(ಓದುಗರು, ಪರೇಲ್)

ಉತ್ತರ: ಈ ಒಂದು ವಿಷಯದಲ್ಲಿ ಮೋಸ ಇಲ್ಲ. ಸ್ವಲ್ಪ ಸಮಾಧಾನದಿಂದ ಓದಿ.

ನಿಮ್ಮ ಹಾಲ್‌ನ ನೆಲಕ್ಕೆ ಒಂದಡಿಯ ಟೈಲ್ಸ್ ಹಾಕಿದ್ದಾರೆ ಎಂದುಕೊಳ್ಳಿ. 10 × 12, ಒಟ್ಟು 120 ಟೈಲ್ಸ್. 120 ಚದರಡಿ. ಇದರ ಮೇಲೆ 35 ಪರ್ಸೆಂಟ್ ಜಾಸ್ತಿ ಅಂದರೆ 162 ಚದರಡಿ. ಈಗ ಪ್ಲಾನಿನಲ್ಲಿರುವ ಅಳತೆ ಗುಣಿಸಿ. 11 ಅಡಿ 7 ಇಂಚನ್ನು 13 ಅಡಿ 11 ಇಂಚಿನಿಂದ ಗುಣಿಸಿದರೆ 161 ಚಿಲ್ಲರೆ ಬರುತ್ತದೆ. ಇಂಚುಗಳನ್ನು ಕೆಳಕ್ಕೆ ಸರಿಹೊಂದಿಸಿದ್ದಾರೆ, ಅದರಲ್ಲಿ ಮುಕ್ಕಾಲು ಚದರಡಿ ಹೋಯಿತು. ಅಷ್ಟೇ.

ನೀವು ಕೇಳುತ್ತಿರುವ ಹದಿಮೂರೂವರೆ × ಹದಿನಾರು ಕೊಟ್ಟರೆ ಎಷ್ಟಾಗುತ್ತದೆ ಗೊತ್ತಾ? 216 ಚದರಡಿ. ಅಂದರೆ 80 ಪರ್ಸೆಂಟ್ ಜಾಸ್ತಿ! ಯಾವ ಬಿಲ್ಡರ್ ಕೊಡುತ್ತಾನೆ ಸ್ವಾಮಿ?

ಒಂದು ಗೋಡೆಯನ್ನು 35 ಪರ್ಸೆಂಟ್ ಉದ್ದ ಮಾಡಿದರೇ ಜಾಗ 35 ಪರ್ಸೆಂಟ್ ಜಾಸ್ತಿ ಆಗಿಬಿಡುತ್ತದೆ. ಇನ್ನೊಂದು ಗೋಡೆಯನ್ನೂ ಹಾಗೇ ಉದ್ದ ಮಾಡಿದರೆ, ಆಗಲೇ ದೊಡ್ಡದಾದ ಜಾಗದ ಮೇಲೆ ಮತ್ತೊಂದು ಸಲ 35 ಪರ್ಸೆಂಟ್ ಕೂಡುತ್ತದೆ. ಎರಡೂ ಗೋಡೆ ಎರಡು ಪಟ್ಟಾದರೆ 20 × 24, ಅಂದರೆ 480 ಟೈಲ್ಸ್. ನಾಲ್ಕು ಪಟ್ಟು. ಮೂರು ಪಟ್ಟಾದರೆ ಜಾಗ ಒಂಬತ್ತು ಪಟ್ಟು. ಉದ್ದವನ್ನು ಯಾವ ಸಂಖ್ಯೆಯಿಂದ ಹಿಗ್ಗಿಸಿದಿರೋ, ಜಾಗ ಆ ಸಂಖ್ಯೆಯ ವರ್ಗದಷ್ಟು ಹಿಗ್ಗುತ್ತದೆ. ಉಲ್ಟಾ ಹೋಗುವಾಗ ವರ್ಗಮೂಲ. 1.35ರ ವರ್ಗಮೂಲ 1.162. ಹಾಗಾಗಿ ನಿಮ್ಮ 10 ಅಡಿ 11.62 ಆಯಿತು, 12 ಅಡಿ 13.94 ಆಯಿತು. ಕಣ್ಣಿಗೆ ಕಾಣುವುದು 16 ಪರ್ಸೆಂಟ್, ಕಾಗದದ ಮೇಲೆ 35 ಪರ್ಸೆಂಟ್. ಮೀಟಿಂಗಿನಲ್ಲಿ ಜನ ಕೂಗಾಡಿದ್ದು ಇದಕ್ಕೇ.

ಸಣ್ಣ ಶೇಕಡಾವಾರಿನಲ್ಲಿ ಇದನ್ನು ಕೈಯಲ್ಲೇ ನೋಡಬಹುದು. ಹಾಲನ್ನು ಎರಡೂ ಕಡೆ 10 ಪರ್ಸೆಂಟ್ ಬೆಳೆಸಿ. 11 ಅಡಿ × 13.2 ಅಡಿ. ಒಂದು ಗೋಡೆಯ ಪಕ್ಕಕ್ಕೆ 12 ಚದರಡಿಯ ಪಟ್ಟಿ ಬಂತು. ಇನ್ನೊಂದು ಗೋಡೆಯ ಪಕ್ಕಕ್ಕೂ 12 ಚದರಡಿಯ ಪಟ್ಟಿ. ಎರಡು ಪಟ್ಟಿ ಸೇರುವ ಮೂಲೆಯಲ್ಲಿ 1.2 ಚದರಡಿಯ ಒಂದು ತುಂಡು ಉಳಿಯಿತು. ಒಟ್ಟು 25.2. ಅಂದರೆ 21 ಪರ್ಸೆಂಟ್. ಆ ಮೂಲೆಯ ತುಂಡನ್ನು ಜನ ಮರೆಯುತ್ತಾರೆ. 10 ಪರ್ಸೆಂಟಿನಲ್ಲಿ ಅದು ಬರೀ 1 ಪರ್ಸೆಂಟ್. 35 ಪರ್ಸೆಂಟಿನಲ್ಲಿ ಅದೇ ಮೂಲೆ 12 ಪರ್ಸೆಂಟ್ ದಾಟುತ್ತದೆ. ಎರಡು ಪಟ್ಟು ಮಾಡಿದಾಗಲಂತೂ ಮೂಲೆಯೇ ಒಂದು ಇಡೀ ಹಾಲ್.

ವರ್ಲಿ, ನಾಯ್ಗಾಂವ್ ಬಿ.ಡಿ.ಡಿ. ಚಾಳ್‌ಗಳ (ಸಾಲುಕೋಣೆಗಳ ಹಳೇ ಕಟ್ಟಡಗಳ) ವಿಷಯದಲ್ಲೂ ಇದೇ ಮಾತು ಕೇಳಿದ್ದೇನೆ. ಅಲ್ಲಿ 160 ಚದರಡಿಯ ಖೋಲಿಗೆ ಬದಲಾಗಿ 500 ಚದರಡಿಯ ಮನೆ ಎಂಬುದು ಯೋಜನೆ. ಮೂರು ಪಟ್ಟಿಗಿಂತ ಜಾಸ್ತಿ. ಆದರೆ ಖೋಲಿಯ ಆಕಾರ ಹಾಗೇ ಉಳಿಸಿ ಹಿಗ್ಗಿಸಿದರೆ ಒಂದೊಂದು ಗೋಡೆ ಬೆಳೆಯುವುದು ಮುಕ್ಕಾಲು ಪಾಲು ಅಷ್ಟೇ. 10 ಅಡಿಯ ಗೋಡೆ ಹದಿನೇಳೂಮುಕ್ಕಾಲು ಅಡಿಯ ಹತ್ತಿರ ಬರುತ್ತದೆ.

ಈಗ ನೀವು ನಿಜವಾಗಿ ಕೇಳಬೇಕಾದ ಪ್ರಶ್ನೆಗೆ ಬರೋಣ. 35 ಪರ್ಸೆಂಟ್ ಮಾತು ಕೊಟ್ಟಿರುವುದು ಇಡೀ ಮನೆಗೆ. ಹಾಲ್‌ಗೆ ಸರಿಯಾಗಿ ಬಂದಿದೆ ಸರಿ, ಅಡುಗೆಮನೆಗೆ ಬಂದಿದೆಯಾ? ಪ್ಯಾಸೇಜ್ ಎಷ್ಟು ತಿಂದಿದೆ? ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಹೊರಗೋಡೆ ಸೇರುವುದಿಲ್ಲ, ಬಾಲ್ಕನಿ ಸೇರುವುದಿಲ್ಲ. ಆದರೆ ಮನೆಯೊಳಗಿನ ಪಾರ್ಟಿಷನ್ ಗೋಡೆ ನಿಂತಿರುವ ಜಾಗ ಸೇರುತ್ತದೆ. ಹಳೇ ಮನೆಯ 35 ಪರ್ಸೆಂಟ್ ಲೆಕ್ಕ ಹಾಕುವಾಗ ಹಳೆಯದನ್ನೂ ಇದೇ ರೀತಿ ಅಳೆದರಾ ಎಂದು ಕೇಳಿ. ಇನ್ನೊಂದು ವಿಷಯ. 9 × 18 ಕೂಡ 162 ಚದರಡಿಯೇ. ಏರಿಯಾ ಒಂದೇ, ಆದರೆ ಸೋಫಾ ಇಟ್ಟರೆ ಕಾಲು ಚಾಚಲು ಜಾಗ ಇರುವುದಿಲ್ಲ. ಸಹಿ ಹಾಕುವ ಮೊದಲು ಚದರಡಿಯ ಪಕ್ಕದಲ್ಲಿ ಉದ್ದ, ಅಗಲ ಎರಡನ್ನೂ ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮ ಫ್ಲ್ಯಾಟಿನ ಅಗ್ರಿಮೆಂಟಿನಲ್ಲಿ 41.80 ಚದರ ಮೀಟರ್ ಎಂದಿದೆ. ಒಂದು ಮೀಟರ್ ಅಂದರೆ 3.28 ಅಡಿ. ಗುಣಿಸಿದರೆ 137 ಚದರಡಿ ಬರುತ್ತದೆ. ಏಜೆಂಟ್ 450 ಅಂದಿದ್ದರು. ರಾತ್ರಿ ನಿದ್ದೆ ಬರುತ್ತಿಲ್ಲ.
(ಗೃಹಿಣಿ, ವಸೈ)

ಉತ್ತರ: ಆರಾಮಾಗಿ ಮಲಗಿ ತಾಯಿ. ಒಂದು ಚದರ ಮೀಟರ್ ಅಂದರೆ 3.28 ಅಡಿ ಉದ್ದ, 3.28 ಅಡಿ ಅಗಲ. ಎರಡು ಸಲ ಗುಣಿಸಬೇಕು. 10.764 ಚದರಡಿ. 41.80ನ್ನು ಅದರಿಂದ ಗುಣಿಸಿ, 450 ಸರಿಯಾಗಿ ಬರುತ್ತದೆ. ಸರ್ಕಾರಿ ಕಾಗದಗಳಲ್ಲಿ 27.88 ಚದರ ಮೀಟರ್ ಎಂಬ ವಿಚಿತ್ರ ಅಂಕೆ ನೋಡಿರಬಹುದು. ಅದು ನಮ್ಮ ಹಳೇ 300 ಚದರಡಿಯೇ, ಮೀಟರ್ ವೇಷದಲ್ಲಿ.

ಪ್ರಶ್ನೆ: ಹೋಟೆಲಿನಲ್ಲಿ 12 ಇಂಚಿನ ಸಾದಾ ದೋಸೆಗೆ 90 ರೂಪಾಯಿ. ಹೊಸದಾಗಿ 'ಫ್ಯಾಮಿಲಿ ದೋಸೆ' ಶುರು ಮಾಡಿದ್ದೇವೆ. 24 ಇಂಚು, ಡಬಲ್ ಸೈಜು, ಹಾಗಾಗಿ ಡಬಲ್ ರೇಟು, 180. ಗಿರಾಕಿಗಳು ಮುಗಿಬೀಳುತ್ತಿದ್ದಾರೆ. ಆದರೆ ರುಬ್ಬಿದ ಹಿಟ್ಟು ಮಧ್ಯಾಹ್ನಕ್ಕೇ ಖಾಲಿ. ಹುಡುಗರು ಹಿಟ್ಟು ಹಾಳು ಮಾಡುತ್ತಿದ್ದಾರಾ?
(ಹೋಟೆಲ್ ಮಾಲೀಕರು, ವಾಶಿ)

ಉತ್ತರ: ಹುಡುಗರನ್ನು ಬೈಯಬೇಡಿ ಮಾರಾಯ್ರೆ. ನೀವು ಎರಡು ದೋಸೆಯ ದುಡ್ಡಿಗೆ ನಾಲ್ಕು ದೋಸೆ ಕೊಡುತ್ತಿದ್ದೀರಿ. ಮುಗಿಬೀಳದೆ ಏನು ಮಾಡುತ್ತಾರೆ?

ದೋಸೆ ದುಂಡಗಿದ್ದರೇನಂತೆ, ಲೆಕ್ಕ ಹಾಲ್‌ನದ್ದೇ. 12 ಇಂಚಿನ ದೋಸೆಯ ವಿಸ್ತೀರ್ಣ ಸುಮಾರು 113 ಚದರ ಇಂಚು. 24 ಇಂಚಿನದು 452. ಕಾವಲಿಯ ಮೇಲೆ ಹಿಟ್ಟು ಅಷ್ಟೇ ತೆಳ್ಳಗೆ ಎಳೆದರೆ ನಾಲ್ಕು ಸೌಟು ಬೇಕು. ಎಣ್ಣೆ, ತುಪ್ಪವೂ ನಾಲ್ಕು ಪಟ್ಟು. ಗ್ಯಾಸ್ ಕೂಡ, ಯಾಕೆಂದರೆ ಕಾಯಬೇಕಾದ ಕಾವಲಿಯ ಜಾಗವೂ ಅಷ್ಟೇ ಬೆಳೆಯಿತು. ಬೆಳೆಯದೆ ಹಿಂದೆ ಉಳಿದದ್ದು ಒಂದೇ, ಅಂಚು. ಸುತ್ತಳತೆ 38 ಇಂಚಿನಿಂದ 75 ಇಂಚಿಗೆ ಹೋಯಿತು, ಎರಡೇ ಪಟ್ಟು. ಗರಿಗರಿ ಅಂಚು ಮುರಿದು ತಿನ್ನುವ ಮಕ್ಕಳಿಗೆ ಇದು ನಷ್ಟದ ವ್ಯಾಪಾರ. ನಾಲ್ಕು ಸಣ್ಣ ದೋಸೆಯಲ್ಲಿ 150 ಇಂಚು ಅಂಚು ಸಿಗುತ್ತಿತ್ತು.

ಹಿಟ್ಟಿನ ಲೆಕ್ಕದಲ್ಲೇ ರೇಟು ಹಾಕುವುದಾದರೆ 24 ಇಂಚಿಗೆ 360 ಆಗಬೇಕು. ಅಷ್ಟು ಹಾಕಿದರೆ ಯಾರೂ ಬರುವುದಿಲ್ಲ ಎನ್ನುತ್ತೀರಿ. ಅದೂ ನಿಜ. ಬಡಿಸುವವನ ಕೂಲಿ, ಟೇಬಲ್ ಹಿಡಿದಿಡುವ ಹೊತ್ತು, ಚಟ್ನಿ ಬಟ್ಟಲು, ಇವೆಲ್ಲ ನಾಲ್ಕು ಪಟ್ಟು ಆಗುವುದಿಲ್ಲ. ಹಾಗಾಗಿ 360ಕ್ಕಿಂತ ಸ್ವಲ್ಪ ಕೆಳಗೆ ಇಳಿಯಬಹುದು. 180ರಲ್ಲೇ ಇರಬೇಕು ಎಂದು ಹಟ ಇದ್ದರೆ ದೋಸೆಯನ್ನು 17 ಇಂಚಿಗೆ ನಿಲ್ಲಿಸಿ. 12ನ್ನು 1.414ರಿಂದ ಗುಣಿಸಿದರೆ 17 ಬರುತ್ತದೆ. ಹಿಟ್ಟು ಸರಿಯಾಗಿ ಎರಡು ಪಟ್ಟು. 16 ಇಂಚು ಮಾಡಿದರೆ 160 ರೂಪಾಯಿ, ಚಿಲ್ಲರೆ ತಾಪತ್ರಯವೂ ಇಲ್ಲ. ನನ್ನನ್ನು ಕೇಳಿದರೆ 16 ಇಂಚೇ ಒಳ್ಳೆಯದು. 24 ಇಂಚಿನ ದೋಸೆ ಇಡುವ ತಟ್ಟೆ ಎಲ್ಲಿಂದ ತಂದಿರಿ?

ಅಂದ ಹಾಗೆ, ಇದೇ ಹುಮ್ಮಸ್ಸಿನಲ್ಲಿ ಗೋಳಿಬಜೆಗೆ ಕೈ ಹಾಕಬೇಡಿ. ದೋಸೆಯ ದಪ್ಪ ಬೆಳೆಯುವುದಿಲ್ಲ, ಗೋಳಿಬಜೆ ಮೂರು ದಿಕ್ಕಿಗೂ ಊದುತ್ತದೆ. ಅಡ್ಡಳತೆ ಎರಡು ಪಟ್ಟಾದರೆ ಹಿಟ್ಟು ಎಂಟು ಪಟ್ಟು. ಎಣ್ಣೆ ತಾಗುವ ಮೈ ಮಾತ್ರ ನಾಲ್ಕು ಪಟ್ಟು. ಹೊರಗೆ ಕೆಂಪಗಾಗಿ ಒಳಗೆ ಹಸಿ ಉಳಿಯುವುದು ಅದಕ್ಕೇ.

ಪ್ರಶ್ನೆ: ನಮ್ಮ ಸಂಘದ ಯಕ್ಷಗಾನದ ಕರಪತ್ರ ಎ4 ಹಾಳೆಯಲ್ಲಿತ್ತು. ಝೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗೆ ಡಬಲ್ ಮಾಡಿಕೊಡಪ್ಪಾ ಅಂದೆ. ಹುಡುಗ 200 ಒತ್ತಿದ. ವೇಷದ ಕಿರೀಟ ಅರ್ಧ ಬಂತು, ದಿನಾಂಕ ಬರಲೇ ಇಲ್ಲ. ಆಮೇಲೆ ಇನ್ನೊಬ್ಬರು ಬಂದು 141 ಒತ್ತಿದರು, ಸರಿಯಾಗಿ ಕೂತಿತು. ಈ 141 ಎಲ್ಲಿಂದ ಬಂತು?
(ಸಂಘದ ಕಾರ್ಯದರ್ಶಿ, ಮುಲುಂಡ್)

ಉತ್ತರ: ಇದು ನನ್ನ ಕಸುಬಿನ ಪ್ರಶ್ನೆ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಝೆರಾಕ್ಸ್ ಮಷೀನಿನ ಪರ್ಸೆಂಟ್ ಯಾವಾಗಲೂ ಉದ್ದದ್ದು. ಜಾಗದ್ದಲ್ಲ. 200 ಒತ್ತಿದರೆ ಉದ್ದವೂ ಎರಡು ಪಟ್ಟು, ಅಗಲವೂ ಎರಡು ಪಟ್ಟು. ನಾಲ್ಕು ಎ4 ಜೋಡಿಸಿದಷ್ಟು ದೊಡ್ಡ ಚಿತ್ರ, ಅಂದರೆ ಎ2. ನಿಮ್ಮ ಎ3ಯಲ್ಲಿ ಹಿಡಿಸುವುದು ಅದರ ಅರ್ಧ. ನಿಮಗೆ ಬೇಕಿದ್ದದ್ದು ಎರಡು ಪಟ್ಟು ಜಾಗ. ಅದಕ್ಕೆ ಉದ್ದವನ್ನು 2ರ ವರ್ಗಮೂಲದಷ್ಟು, ಅಂದರೆ 1.414 ಪಟ್ಟು ಮಾಡಬೇಕು. ಅದೇ 141. ಚಿಕ್ಕದು ಮಾಡುವಾಗ ಒತ್ತುವ 71 ಅದರದ್ದೇ ಉಲ್ಟಾ. ಜಾಗ ಸರಿಯಾಗಿ ಅರ್ಧ.

ಹಾಳೆಯ ಅಳತೆಯನ್ನೇ ನೋಡಿ. ಎ4 ಅಂದರೆ 210 × 297 ಮಿಲಿಮೀಟರ್. ಎ3 ಅಂದರೆ 297 × 420. ಎ3ಯನ್ನು ಮಧ್ಯಕ್ಕೆ ಮಡಿಸಿದರೆ ಎ4, ಆಕಾರ ಒಂಚೂರೂ ಕೆಡದೆ. ಉದ್ದ, ಅಗಲದ ಅನುಪಾತ 1.414 ಇದ್ದರೆ ಮಾತ್ರ ಇದು ಸಾಧ್ಯ. ಹೀಗೆ ಮಡಿಸಿದರೂ ಆಕಾರ ಬದಲಾಗದ ಹಾಳೆಯ ಬಗ್ಗೆ ಲಿಖ್ಟೆನ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿ 1786ರಲ್ಲೇ ಒಂದು ಪತ್ರದಲ್ಲಿ ಬರೆದಿದ್ದ. 1922ರಲ್ಲಿ ಜರ್ಮನಿ ಅದನ್ನು ತನ್ನ ಕಾಗದದ ಮಾನಕ ಮಾಡಿಕೊಂಡಿತು. ಈ ಸಾಲು ಶುರುವಾಗುವ ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್. ನಾಲ್ಕು ಸಲ ಅರ್ಧ ಮಾಡಿದರೆ ಎ4, ಅಂದರೆ ಹದಿನಾರನೇ ಒಂದು ಪಾಲು. ಕಾಗದದ ಕಟ್ಟಿನ ಮೇಲೆ 80 ಜಿಎಸ್‌ಎಂ ಎಂದಿರುತ್ತದಲ್ಲ, ಅದು ಒಂದು ಚದರ ಮೀಟರಿಗೆ 80 ಗ್ರಾಂ. ಹದಿನಾರರಿಂದ ಭಾಗಿಸಿ. ಒಂದು ಹಾಳೆ 5 ಗ್ರಾಂ. ಕೊರಿಯರ್‌ಗೆ ಎಷ್ಟು ಹಾಳೆ ಹಾಕಿದರೆ ಎಷ್ಟು ತೂಕ ಎಂದು ನಾವು ಹೀಗೇ ಬಾಯಿಲೆಕ್ಕ ಹಾಕುತ್ತಿದ್ದೆವು.

ಈಗ ನನ್ನ ಇಷ್ಟದ ಭಾಗ. ಕಂಪ್ಯೂಟರ್ ಬರುವ ಮೊದಲು ಟ್ರೇಸಿಂಗ್ ಪೇಪರ್ ಮೇಲೆ ರೋಟ್ರಿಂಗ್ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದೆವು. ಒಂದೊಂದು ದಪ್ಪಕ್ಕೆ ಒಂದೊಂದು ಪೆನ್ನು. 0.25, 0.35, 0.5, 0.7, 1.0. ಸುಮ್ನೆ ಯಾರೋ ಬರೆದ ಅಂಕೆಗಳ ಹಾಗೆ ಕಾಣುತ್ತವೆ. ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿ. ಎಲ್ಲ ಕಡೆ 1.4ರ ಆಸುಪಾಸು. ಎ4ರಲ್ಲಿ 0.25 ಪೆನ್ನಿನಿಂದ ಎಳೆದ ನಕ್ಷೆಯನ್ನು ಎ3ಗೆ ಹಿಗ್ಗಿಸಿದರೆ ಗೆರೆಯೂ ಹಿಗ್ಗಿ 0.35 ಆಗುತ್ತದೆ. ಅದರ ಮೇಲೆ ಏನಾದರೂ ತಿದ್ದಬೇಕಾದರೆ ಮುಂದಿನ ಪೆನ್ನು ಕೈಗೆತ್ತಿಕೊಂಡರಾಯಿತು. ಹಳೇ ಗೆರೆ ಯಾವುದು, ಹೊಸದು ಯಾವುದು ಎಂದು ಯಾರಿಗೂ ಗೊತ್ತಾಗದು. ಪೆನ್ನು ಮಾಡಿದವರು ಕಾಗದ ಮಾಡಿದವರ ಜೊತೆ ಕೂತು ಮಾತಾಡಿಕೊಂಡ ಹಾಗಿತ್ತು ಆ ವ್ಯವಸ್ಥೆ. ಈಗಿನ ಹುಡುಗರು ಸ್ಕ್ರೀನಿನ ಮೇಲೆ ಎರಡು ಬೆರಳಿನಲ್ಲಿ ಹಿಗ್ಗಿಸುತ್ತಾರೆ, ಗೆರೆಯ ದಪ್ಪ ಎಷ್ಟು ಅಂದರೆ ಮುಖ ನೋಡುತ್ತಾರೆ.

ಪ್ರಶ್ನೆ: ಅಜ್ಜಾ, ನಾನು ಹತ್ತನೇ ಕ್ಲಾಸು. ಸಮರೂಪ ತ್ರಿಭುಜಗಳ ವಿಸ್ತೀರ್ಣದ ಅನುಪಾತ ಬಾಹುಗಳ ವರ್ಗದ ಅನುಪಾತಕ್ಕೆ ಸಮ ಎಂದು ಟೀಚರ್ ಹೇಳಿದರು. ತ್ರಿಭುಜಕ್ಕೆ ಸರಿ. ಅಂಕುಡೊಂಕು ಆಕಾರಕ್ಕೂ ಹಾಗೇನಾ? ಅದಕ್ಕೆ ಬಾಹುವೇ ಇಲ್ಲವಲ್ಲ?
(ವಿದ್ಯಾರ್ಥಿನಿ, ಥಾಣೆ)

ಉತ್ತರ: ಒಳ್ಳೇ ಪ್ರಶ್ನೆ ಮಗಾ. ಹೌದು, ಅದಕ್ಕೂ ಹಾಗೇ.

ವಿಹಾರ್ ಕೆರೆಯ ನಕ್ಷೆ ತಗೋ. ಅದರ ದಂಡೆ ಎಲ್ಲೂ ನೆಟ್ಟಗಿಲ್ಲ. ಅದರ ಮೇಲೆ ಗ್ರಾಫ್ ಪೇಪರಿನ ಚೌಕಗಳನ್ನು ಎಳೆ. ಕೆರೆಯೊಳಗೆ ಎಷ್ಟು ಚೌಕ ಬಂದವೋ ಅಷ್ಟು ವಿಸ್ತೀರ್ಣ. ಈಗ ಚೌಕಗಳನ್ನು ಸೇರಿಸಿಯೇ ಇಡೀ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸು. ಚೌಕಗಳ ಸಂಖ್ಯೆ ಬದಲಾಗಲಿಲ್ಲ. ಒಂದೊಂದು ಚೌಕವೂ ನಾಲ್ಕು ಪಟ್ಟಾಯಿತು. ಹಾಗಾಗಿ ಕೆರೆಯೂ ನಾಲ್ಕು ಪಟ್ಟು. ದಂಡೆಯ ಮೇಲೆ ಅರ್ಧಂಬರ್ಧ ಬಿದ್ದ ಚೌಕಗಳ ಕಥೆ ಏನು ಎಂದು ಕೇಳುತ್ತೀಯಾ? ಚೌಕ ಇನ್ನೂ ಸಣ್ಣದು ಮಾಡು, ಆ ತಕರಾರು ಅಷ್ಟಷ್ಟೇ ಸಣ್ಣದಾಗುತ್ತಾ ಹೋಗುತ್ತದೆ. ಬಾಹು ಬೇಕಾಗಿಯೇ ಇಲ್ಲ. ಕೆರೆಯ ಯಾವ ಎರಡು ಬಿಂದು ಹಿಡಿದರೂ ಅವುಗಳ ನಡುವಿನ ದೂರ ಒಂದೇ ಲೆಕ್ಕದಲ್ಲಿ ಹಿಗ್ಗಿದರೆ ಸಾಕು.

ಸರ್ವೆ ಆಫ್ ಇಂಡಿಯಾದ ನಕ್ಷೆಗಳಲ್ಲಿ 1:50,000 ಎಂದಿರುತ್ತದೆ. ಅದರಲ್ಲಿ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. 1 ಚದರ ಸೆಂಟಿಮೀಟರ್ ಅಂದರೆ 500 × 500, ಅಂದರೆ 25 ಹೆಕ್ಟೇರ್. 1:25,000 ನಕ್ಷೆಯಲ್ಲಿ ಅದೇ ಒಂದು ಚದರ ಸೆಂಟಿಮೀಟರ್ ಬರೀ ಆರೂಕಾಲು ಹೆಕ್ಟೇರ್. 1 ಸೆಂಟಿಮೀಟರ್ ತೋರಿಸುವ ನೆಲದ ಉದ್ದ ಅರ್ಧ ಆಯಿತು, ಜಾಗ ಕಾಲು ಭಾಗ ಆಯಿತು. ಪರೀಕ್ಷೆಯಲ್ಲಿ ಮಕ್ಕಳು 1 ಚದರ ಸೆಂಟಿಮೀಟರಿಗೆ 500 ಚದರ ಮೀಟರ್ ಎಂದು ಬರೆದು ಬರುತ್ತಾರೆ. ನೀನು ಹಾಗೆ ಬರೆಯಬೇಡ.

ನಮ್ಮ ಆಫೀಸಿನಲ್ಲಿ ಮರದ ಪೆಟ್ಟಿಗೆಯಲ್ಲಿ ಪ್ಲಾನಿಮೀಟರ್ ಎಂಬ ಉಪಕರಣ ಇತ್ತು. ಎರಡು ಹಿತ್ತಾಳೆಯ ತೋಳು, ನಡುವೆ ಒಂದು ಪುಟ್ಟ ಚಕ್ರ. ಒಂದು ತುದಿಯನ್ನು ಹಾಳೆಗೆ ಚುಚ್ಚಿ, ಇನ್ನೊಂದು ತುದಿಯ ಮೊನೆಯನ್ನು ಜಾಗದ ಗಡಿಯ ಮೇಲೆ ಒಂದು ಸುತ್ತು ನಿಧಾನವಾಗಿ ಎಳೆದರೆ ಚಕ್ರ ತಿರುಗಿ ಒಳಗಿನ ವಿಸ್ತೀರ್ಣ ತೋರಿಸುತ್ತಿತ್ತು. 1854ರಲ್ಲಿ ಆಂಸ್ಲರ್ ಎಂಬ ಸ್ವಿಸ್ ಗಣಿತಜ್ಞ ಈ ಬಗೆಯ ಪ್ಲಾನಿಮೀಟರನ್ನು ಕಂಡುಹಿಡಿದ. ಗಡಿ ಸುತ್ತಿದರೆ ಒಳಗಿನ ಜಾಗ ಹೇಗೆ ಗೊತ್ತಾಗುತ್ತದೆ ಎಂಬುದು ನೀನು ಕಾಲೇಜಿಗೆ ಹೋದ ಮೇಲೆ ತಿಳಿಯುತ್ತದೆ. ನಿನಗೆ ಅದು ಬೇಕಾಗಿಲ್ಲ. ದಪ್ಪ ರಟ್ಟಿನಲ್ಲಿ ಕರ್ನಾಟಕದ ನಕ್ಷೆ ಕತ್ತರಿಸು. ಅದನ್ನೇ ಒಂದೂವರೆ ಪಟ್ಟು ಹಿಗ್ಗಿಸಿ, ಅದೇ ರಟ್ಟಿನಲ್ಲಿ ಇನ್ನೊಂದು ಕತ್ತರಿಸು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಎರಡನ್ನೂ ತೂಗು. ದೊಡ್ಡದು ಎರಡೂಕಾಲು ಪಟ್ಟು ತೂಗಬೇಕು. ಕರಾವಳಿಯ ಕಡೆ ಕತ್ತರಿ ಹುಷಾರು, ಮಂಗಳೂರು ಉದುರಿಹೋದೀತು.

ಒಂದು ಷರತ್ತು ನೆನಪಿಡು. ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಬೇಕು. ಆಮಂತ್ರಣ ಪತ್ರಿಕೆಯಲ್ಲಿ ಮದುಮಗನ ಫೋಟೋವನ್ನು ಬರೀ ಅಡ್ಡಕ್ಕೆ ಎಳೆದು ಅಗಲ ಮುಖ ಮಾಡಿರುತ್ತಾರಲ್ಲ, ಅಲ್ಲಿ ಅಡ್ಡಕ್ಕೆ ಎರಡು ಪಟ್ಟಾದರೆ ಜಾಗವೂ ಎರಡೇ ಪಟ್ಟು. ಅಡ್ಡಕ್ಕೆ 2, ಉದ್ದಕ್ಕೆ 3 ಪಟ್ಟು ಎಳೆದರೆ 6 ಪಟ್ಟು.

ಪ್ರಶ್ನೆ: ಶ್ರವಣಬೆಳಗೊಳದ ಗೊಮ್ಮಟ 57 ಅಡಿ, ನಮ್ಮ ಕಾರ್ಕಳದ್ದು 42, ವೇಣೂರಿನದು 35. ಮಸ್ತಕಾಭಿಷೇಕಕ್ಕೆ ಗಂಧ, ಅರಿಸಿನ ಎತ್ತರದ ಲೆಕ್ಕದಲ್ಲಿ ಬೇಕಾಗುತ್ತದಾ?
(ಕಾರ್ಕಳದವರು, ಈಗ ಭಾಂಡುಪ್)

ಉತ್ತರ: ಎತ್ತರದ ವರ್ಗದ ಲೆಕ್ಕದಲ್ಲಿ. ಮೂರೂ ವಿಗ್ರಹದ ಮೈಕಟ್ಟು ಒಂದೇ ಪ್ರಮಾಣದಲ್ಲಿದೆ ಎಂದುಕೊಂಡು ಹೇಳುತ್ತೇನೆ, ಶಿಲ್ಪಿಗಳು ಬೇರೆ ಬೇರೆ ಕಾಲದವರು. ಶ್ರವಣಬೆಳಗೊಳದ್ದು ಹತ್ತನೇ ಶತಮಾನದ್ದು, ಕಾರ್ಕಳದ್ದು 1432, ವೇಣೂರಿನದು 1604. ವೇಣೂರು, ಕಾರ್ಕಳದ ಎತ್ತರ 5ಕ್ಕೆ 6. ಹಾಗಾಗಿ ಮೈಯ ವಿಸ್ತೀರ್ಣ 25ಕ್ಕೆ 36. ವೇಣೂರಿನಲ್ಲಿ 25 ಕೊಡ ಗಂಧ ಮೈಗೆಲ್ಲ ಸಾಕಾದರೆ ಕಾರ್ಕಳದಲ್ಲಿ 36 ಬೇಕು, ಬೆಳಗೊಳದಲ್ಲಿ 66. ಎತ್ತರದ ಲೆಕ್ಕ ಹಿಡಿದು 41 ಕೊಡ ತರಿಸಿದರೆ ಸೊಂಟ ದಾಟುವ ಹೊತ್ತಿಗೆ ಖಾಲಿ. ಕಲ್ಲಿನ ತೂಕಕ್ಕೆ ಘನ ಹಿಡಿಯಬೇಕು. ಬೆಳಗೊಳದ್ದು ಕಾರ್ಕಳದ ಎರಡೂವರೆ ಪಟ್ಟು.

ಗಣೇಶೋತ್ಸವ ಮಂಡಳಿಯವರಿಗೂ ಒಂದು ಮಾತು. 2 ಅಡಿಯ ಗಣಪತಿ ಬಿಟ್ಟು 4 ಅಡಿಯದು ತಂದರೆ, ಗಟ್ಟಿ ಮಣ್ಣಿನದಾದರೆ ಎಂಟು ಪಟ್ಟು ಭಾರ. ಒಳಗೆ ಪೊಳ್ಳು ಬಿಟ್ಟು ಅಷ್ಟೇ ದಪ್ಪದ ಪದರದಲ್ಲಿ ಮಾಡಿದ್ದಾದರೆ ನಾಲ್ಕು ಪಟ್ಟಿನ ಹತ್ತಿರ. ಎತ್ತುವ ಹುಡುಗರ ಲೆಕ್ಕ ಅದಕ್ಕೆ ತಕ್ಕಂತೆ ಹಾಕಿ.

ಪ್ರಶ್ನೆ: ಇದೆಲ್ಲ ನಮ್ಮ ಹಿಂದಿನವರಿಗೆ ಗೊತ್ತಿತ್ತಾ, ಅಥವಾ ಅದೂ ವಾಟ್ಸಾಪ್ ಮೆಸೇಜಾ?
(ನಿವೃತ್ತ ಬ್ಯಾಂಕ್ ನೌಕರರು, ಪುಣೆ)

ಉತ್ತರ: ಇದು ಮಾತ್ರ ನಿಜವಾಗಿಯೂ ಗೊತ್ತಿತ್ತು. ಬೌಧಾಯನ ಶುಲ್ಬಸೂತ್ರದಲ್ಲಿ ಇದೆ. ಯಜ್ಞವೇದಿಯನ್ನು ಹಗ್ಗ ಹಿಡಿದು ಅಳೆಯುವವರ ಗ್ರಂಥ ಅದು, ಹಾಗಾಗಿ ನಮ್ಮಂಥ ಕೆಲಸಗಾರರಿಗೆ ಹತ್ತಿರದ್ದು. ಚೌಕದ ಕರ್ಣಕ್ಕೆ ಹಿಡಿದ ಹಗ್ಗವನ್ನು ಬದಿಯಾಗಿ ಮಾಡಿಕೊಂಡರೆ ಎರಡು ಪಟ್ಟು ಜಾಗದ ಚೌಕ ಬರುತ್ತದೆ ಎನ್ನುತ್ತಾರೆ. ನಂಬಿಕೆ ಬಾರದಿದ್ದರೆ ಚೌಕ ಕರ್ಚೀಫ್ ತೆಗೆದು ಮೇಜಿನ ಮೇಲೆ ಹಾಸಿ. ನಾಲ್ಕು ಮೂಲೆಗಳನ್ನೂ ನಟ್ಟನಡುವಿಗೆ ಮಡಿಸಿ. ಎಲ್ಲ ಕಡೆ ಬಟ್ಟೆ ಎರಡು ಪದರ ಆಯಿತು. ಅಂದರೆ ಈಗ ಕಾಣುತ್ತಿರುವ ಚೌಕ ಮೊದಲಿನದರ ಸರಿ ಅರ್ಧ. ಈ ಸಣ್ಣ ಚೌಕದ ಕರ್ಣ ಅಳೆಯಿರಿ. ಕರ್ಚೀಫಿನ ಬದಿಯಷ್ಟೇ ಇರುತ್ತದೆ.

ಕರ್ಣದ ಉದ್ದ ಎಷ್ಟು ಎಂಬುದಕ್ಕೂ ಅವರಲ್ಲಿ ಲೆಕ್ಕ ಇದೆ. ಬದಿಗೆ ಅದರ ಮೂರನೇ ಒಂದು ಪಾಲು ಕೂಡಿಸು, ಆ ಪಾಲಿನ ನಾಲ್ಕನೇ ಒಂದನ್ನು ಕೂಡಿಸು, ಕೊನೆಗೆ ಕೂಡಿಸಿದ ಆ ತುಂಡಿನ ಮೂವತ್ತನಾಲ್ಕನೇ ಒಂದನ್ನು ಕಳೆ. ಬರುವುದು 577/408, ಅಂದರೆ 1.4142157. ನಿಜವಾದ ಬೆಲೆ 1.4142136. ಹತ್ತು ಮೀಟರ್ ಹಗ್ಗದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು.

ನನಗೆ ಇನ್ನೂ ಮೆಚ್ಚುಗೆ ಆದದ್ದು ಗಿಡುಗನ ಆಕಾರದ ಚಿತಿಯ (ಇಟ್ಟಿಗೆಯ ಯಜ್ಞವೇದಿಯ) ವಿಷಯ. ಮೊದಲ ಸಲ ಕಟ್ಟುವಾಗ ಅದರ ವಿಸ್ತೀರ್ಣ ಏಳೂವರೆ ಚದರ ಪುರುಷ. ಪುರುಷ ಅಂದರೆ ಕೈ ಮೇಲೆತ್ತಿ ನಿಂತ ಮನುಷ್ಯನ ಎತ್ತರ. ಮುಂದಿನ ಸಲ ಕಟ್ಟುವಾಗ ಎಂಟೂವರೆ, ಆಮೇಲೆ ಒಂಬತ್ತೂವರೆ, ಹೀಗೆ ನೂರಾ ಒಂದೂವರೆವರೆಗೆ. ಹಕ್ಕಿಯ ಆಕಾರ ಮಾತ್ರ ಬದಲಾಗುವ ಹಾಗಿಲ್ಲ. ಅವರು ರೆಕ್ಕೆಗೆ ಒಂದಿಷ್ಟು, ಬಾಲಕ್ಕೆ ಒಂದಿಷ್ಟು ಎಂದು ಅಂಟಿಸಲು ಹೋಗಲಿಲ್ಲ. ಅಳತೆಯ ಮೂಲ ಚೌಕವನ್ನೇ ಹದಿನೈದರಲ್ಲಿ ಎರಡು ಪಾಲಿನಷ್ಟು ದೊಡ್ಡದು ಮಾಡಿಕೊಂಡು, ಆ ಹೊಸ ಅಳತೆಯಲ್ಲಿ ಹಳೇ ನಕ್ಷೆಯನ್ನೇ ಎಳೆದರು. ಜಾಗ 13 ಪರ್ಸೆಂಟ್ ಬೆಳೆಯಿತು, ಹಗ್ಗ ಬೆಳೆದದ್ದು ಆರೂವರೆ ಪರ್ಸೆಂಟ್. ಪರೇಲ್‌ನ ಸೊಸೈಟಿಯವರು ಕೇಳಿದ ಪ್ರಶ್ನೆಯೇ ಇದು, ಇಲ್ಲಿ ಗಲಾಟೆ ಆಗಲಿಲ್ಲ ಅಷ್ಟೇ. ವಿಮಾನ ಹಾರಿಸಿದ ಮೆಸೇಜುಗಳನ್ನು ಮುಂದಕ್ಕೆ ಕಳಿಸುವವರು ಇಂಥದ್ದನ್ನು ಯಾಕೆ ಕಳಿಸುವುದಿಲ್ಲವೋ.

ಪ್ರಶ್ನೆ: ಮನೆಯಲ್ಲಿ 32 ಇಂಚಿನ ಟಿವಿ ಇದೆ. 55 ಇಂಚಿನದು ತರೋಣ ಅಂತಾನೆ ಮಗ. 32ರಿಂದ 55, ಎರಡು ಪಟ್ಟೂ ಇಲ್ಲವಲ್ಲ, ಷೋಕೇಸಿನ ಮೂರೂವರೆ ಅಡಿ ಅಗಲದ ಖಾನೆಯಲ್ಲಿ ಕೂರುತ್ತದೆ ಅಂತ ನನ್ನ ಅಂದಾಜು.
(ಓದುಗರು, ಡೊಂಬಿವಲಿ)

ಉತ್ತರ: ಕೂರುವುದಿಲ್ಲ. ಟಿವಿಯ ಇಂಚು ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. 32ರಿಂದ 55ಕ್ಕೆ ಹೋದರೆ ಪರದೆಯ ಜಾಗ ಹೆಚ್ಚುಕಮ್ಮಿ ಮೂರು ಪಟ್ಟು. 55 ಇಂಚಿನದರ ಪರದೆಯೇ 48 ಇಂಚು ಅಗಲ, ಅಂದರೆ ನಾಲ್ಕು ಅಡಿ. ನಿಮ್ಮ ಖಾನೆ 42 ಇಂಚು. 43 ಇಂಚಿನ ಟಿವಿಯ ಪರದೆ ಮೂವತ್ತೇಳೂವರೆ ಇಂಚು ಅಗಲ ಬರುತ್ತದೆ, ಅಂಚಿನ ಫ್ರೇಮ್ ಸೇರಿಸಿದರೂ ಆರಾಮಾಗಿ ಕೂರುತ್ತದೆ. ಜಾಗದಲ್ಲಿ ಅದೇ ಈಗಿನದಕ್ಕಿಂತ 80 ಪರ್ಸೆಂಟ್ ದೊಡ್ಡದು. ಮಗನಿಗೆ ಹಾಗಂತ ಹೇಳಿ. 55 ಬೇಕೇ ಬೇಕು ಅಂದರೆ ಬಡಗಿಯ ಖರ್ಚು ಅವನೇ ಕೊಡಲಿ.